ಉಪ್ಪು ಬೀಳುವ ಮೊದಲು ತೆಗೆದಿಟ್ಟ ತುಂಡು

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಸೀತಾಂಗೋಳಿಯತ್ತ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಅಲ್‌ಫಾಂ ಅಂಗಡಿಯಿದೆ. ಅಲ್‌ಫಾಂ ಎಂದರೆ ಮಸಾಲೆ ಹಚ್ಚಿ ಕೆಂಡದ ಮೇಲೆ ಸುಟ್ಟ ಅರಬ್ ಶೈಲಿಯ ಕೋಳಿ. ಮುಂದುಗಡೆ ಕೆಂಡದ ಒಲೆ, ಒಳಗೆ ನಾಲ್ಕೈದು ಮೇಜು, ಗೋಡೆಯಲ್ಲಿ ಮಲಯಾಳದ ದರಪಟ್ಟಿ, ಅದರ ಕೆಳಗೆ ಕೈಯಲ್ಲಿ ಬರೆದ ಕನ್ನಡದ ‘ಪಾರ್ಸೆಲ್ ಇದೆ’. ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಇಂಥ ಅಂಗಡಿಗಳಿಗೆ ಬರವಿಲ್ಲ. ಗಲ್ಫಿಗೆ ಹೋಗಿ ಬಂದವರು ತಂದ ಅಲ್‌ಫಾಂ, ‘ಮಂದಿ’ ಎಂಬ ಮಾಂಸದ ಅನ್ನ, ತಿರುಗಿಸುತ್ತಾ ಸುಟ್ಟ ಕೋಳಿಯ ಶವಾಯ ಇವೆಲ್ಲ ಈಗ ಕೋಳಿ ಸುಕ್ಕ, ಕೋರಿ ರೊಟ್ಟಿಗಳಷ್ಟೇ ನಮ್ಮ ಊರಿನವಾಗಿವೆ. ಹಾಗಾಗಿ ಬರೀ ರುಚಿಗಾಗಿ ಇದೊಂದೇ ಅಂಗಡಿಯನ್ನು ಎತ್ತಿ ಹೇಳಬೇಕಾಗಿಲ್ಲ. ಹೇಳುವುದಕ್ಕೆ ಕಾರಣ ಬೇರೆ. ಮೂತ್ರಪಿಂಡ ದುರ್ಬಲವಾಗಿರುವ ನನ್ನ ಮಾವ ನೆಮ್ಮದಿಯಿಂದ ತಿನ್ನಬಹುದಾದ, ಮಸಾಲೆ ಹಚ್ಚಿ ಸುಟ್ಟ ಕೋಳಿ ಮನೆಯ ಹೊರಗೆ ನನಗೆ ಸಿಕ್ಕಿರುವುದು ಇಲ್ಲಿ ಮಾತ್ರ.

ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಒಲೆಯ ಮುಂದೆ ನಿಲ್ಲುವವರು ಯಜಮಾನರಾದ ಕಾಕ ಒಬ್ಬರೇ, ಸಹಾಯಕ್ಕೆ ಅಳಿಯ ಒಬ್ಬ. ‘ಹತ್ತು ಮಂದಿ ಒಟ್ಟಿಗೆ ಬಂದು ಬೇರೆ ಬೇರೆ ಮಾಡಿಕೊಡಿ ಎಂದರೆ ನನ್ನಿಂದ ಆಗುವುದಿಲ್ಲ ಟೀಚರೇ, ಒಪ್ಪಿಕೊಂಡು ಕೆಡಿಸಿದರೆ ಪಾಪ ಬರುತ್ತದೆ’ ಎಂದು ಕಾಕ ಮೊದಲೇ ಹೇಳಿದ್ದಾರೆ. ಅವರ ಮಾತಿಗೆ ಬೆಲೆ ಕೊಡಬೇಕು. ಆದರೆ ಅವರು ಮಾಡುವ ಕೆಲಸವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮನಸ್ಸಿದ್ದರೆ ಅದನ್ನು ಯಾವ ಊರಿನ ಯಾವ ಅಂಗಡಿಯವರೂ ಮಾಡಿಕೊಡಬಹುದು.

ಮಾವ ಮುಳ್ಳೇರಿಯ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ವರ್ಷಗಟ್ಟಲೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದು, ಈಗ ಕಿಡ್ನಿ ನಾಲ್ಕನೆಯ ಹಂತಕ್ಕೆ ಬಂದಿದೆ. ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಎಂದು ತೋರಿಸುವ ಇಜಿಎಫ್‌ಆರ್ ಸಂಖ್ಯೆ 15ರಿಂದ 29ರ ನಡುವೆ ಇರುವ ಹಂತ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಅವರ ತಟ್ಟೆಯಿಂದ ಕೋಳಿಯನ್ನು ಬಿಡಿಸಿದವರು ವೈದ್ಯರಲ್ಲ, ನೆಂಟರು. ನೋಡಲು ಬಂದವರೆಲ್ಲ ‘ಕಿಡ್ನಿಯವರಿಗೆ ಮಾಂಸ ವಿಷ’ ಎಂದು ಹೇಳಿ ಹೋದರು. ಮಾವ ಗಂಜಿ ಮತ್ತು ಬೇಯಿಸಿದ ತರಕಾರಿಯಲ್ಲೇ ದಿನ ಕಳೆದರು, ತೋಳು ಸಣ್ಣದಾಯಿತು, ಊಟದ ಹೊತ್ತಿಗೆ ಎದ್ದು ಬರುವ ಉತ್ಸಾಹವೇ ಹೋಯಿತು. ಮಂಗಳೂರಿನ ಆಸ್ಪತ್ರೆಯ ಡಯಟೀಷಿಯನ್ ತೂಕ ನೋಡಿ ಮೊದಲು ಕೇಳಿದ್ದೇ ‘ಇವರಿಗೆ ಪ್ರೋಟೀನ್ ಎಲ್ಲಿಂದ ಸಿಗುತ್ತಿದೆ?’ ಎಂದು.

ಅವರು ಹಾಕಿಕೊಟ್ಟ ಲೆಕ್ಕ ಇದು. ಡಯಾಲಿಸಿಸ್ ಇಲ್ಲದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್. ಮಾವನ ತೂಕ 58 ಕಿಲೋ, ಹಾಗಾಗಿ ದಿನಕ್ಕೆ ಸುಮಾರು 46 ಗ್ರಾಂ. ಅದಕ್ಕಿಂತ ಹೆಚ್ಚಾದರೆ ಕಿಡ್ನಿಗೆ ಹೊರೆ, ತೀರಾ ಕಡಿಮೆಯಾದರೆ ಮೈಯ ಸ್ನಾಯುವೇ ಕರಗುತ್ತದೆ. ಡಯಾಲಿಸಿಸ್ ಶುರುವಾದವರ ಲೆಕ್ಕ ಬೇರೆ, ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ಸೋಡಿಯಂ ದಿನಕ್ಕೆ 2,000 ಮಿಲಿಗ್ರಾಂ ಮೀರಬಾರದು, ಎಂದರೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಪೊಟ್ಯಾಸಿಯಂ ರಕ್ತಪರೀಕ್ಷೆ ನೋಡಿಕೊಂಡು ತೀರ್ಮಾನಿಸುವಂಥದ್ದು, ಮಾವನದು ಅಂಚಿನಲ್ಲಿದೆ. ರಂಜಕವನ್ನು (ಫಾಸ್ಫರಸ್), ಅದರಲ್ಲೂ ಪೊಟ್ಟಣದ ಆಹಾರಕ್ಕೆ ಸೇರಿಸಿದ ಫಾಸ್ಫೇಟನ್ನು, ದೂರ ಇಡಬೇಕು. ನಿಮ್ಮ ಮನೆಯವರ ಸಂಖ್ಯೆಗಳು ಬೇರೆಯಿರುತ್ತವೆ. ಅವನ್ನು ನಿಮ್ಮ ವೈದ್ಯರಿಂದಲೇ ಕೇಳಿ ಬರೆದುಕೊಳ್ಳಿ.

ಈಗ ಕೋಳಿಯನ್ನು ನೋಡಿ. ಏನೂ ಹಚ್ಚದ 100 ಗ್ರಾಂ ಹಸಿ ಕೋಳಿಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದ್ದರೆ, ಸೋಡಿಯಂ 50ರಿಂದ 90 ಮಿಲಿಗ್ರಾಂ ಅಷ್ಟೇ. ರಂಜಕ ಸುಮಾರು 200 ಮಿಲಿಗ್ರಾಂ ಇದೆ, ನಿಜ. ಆದರೆ ಮಾಂಸದಲ್ಲಿ ಸಹಜವಾಗಿರುವ ರಂಜಕದಲ್ಲಿ ಕರುಳು ಹೀರಿಕೊಳ್ಳುವುದು ಸುಮಾರು ಅರ್ಧ, ಕಾರ್ಖಾನೆಯಲ್ಲಿ ಪುಡಿಯಾಗಿ ಸೇರಿಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಮಸಾಲೆಯೂ ಶತ್ರುವಲ್ಲ. ಕರಿಮೆಣಸು, ಕೊತ್ತಂಬರಿ, ಒಣಮೆಣಸುಗಳಲ್ಲಿ ತೂಕಕ್ಕೆ ಪೊಟ್ಯಾಸಿಯಂ ಜಾಸ್ತಿಯಿದ್ದರೂ ಒಬ್ಬರ ಪಾಲಿಗೆ ಬೀಳುವುದು ಒಂದು ಚಮಚ. ಒಂದು ಟೀ ಚಮಚ ಮೆಣಸಿನ ಪುಡಿಯಲ್ಲಿ ಬರುವುದು ಸುಮಾರು 50 ಮಿಲಿಗ್ರಾಂ. ಅದೇ ಒಂದು ಬೊಂಡದ ನೀರು ಕುಡಿದರೆ ಅದರ ಹತ್ತು ಪಟ್ಟು ಒಳಗೆ ಹೋಗುತ್ತದೆ. ಮಸಾಲೆ ಹಚ್ಚಿದ ಕೋಳಿಯನ್ನು ಕಿಡ್ನಿಯವರಿಗೆ ಕೆಟ್ಟದ್ದಾಗಿಸುವುದು ಮಸಾಲೆಯ ಜೊತೆ ಬರುವ ಉಪ್ಪು, ಸ್ಟಾಕ್ ಗಟ್ಟಿ (ರುಚಿಗೆ ಹಾಕುವ, ಒಣಗಿಸಿ ಗಟ್ಟಿ ಮಾಡಿದ ಸಾರಿನ ಚೌಕ), ಫಾಸ್ಫೇಟ್. ಹೊರಗೆ ಕೊಳ್ಳುವಾಗ ಈ ಮೂರನ್ನು ತಡೆಯಲು ಸಾಧ್ಯವೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಹೆಚ್ಚಿನ ಕಡೆ ಸಾಧ್ಯವಾಗಲಿಲ್ಲ. ‘ಉಪ್ಪು ಕಡಿಮೆ ಹಾಕಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಕೋಳಿ ಹಿಂದಿನ ರಾತ್ರಿಯೇ ಉಪ್ಪಿನ ಮಸಾಲೆಯಲ್ಲಿ ನೆನೆದು ಫ್ರಿಜ್ಜಿನಲ್ಲಿ ಕುಳಿತಿರುತ್ತದೆ. ಅದನ್ನು ಎಷ್ಟು ತೊಳೆದರೂ ಒಳಗೆ ಇಳಿದ ಉಪ್ಪು ಹೊರಗೆ ಬರುವುದಿಲ್ಲ. ಕುಂಬಳೆಯ ಕಾಕ ಮಾತ್ರ ‘ಹಾಗಾದರೆ ಬೆಳಿಗ್ಗೆ ಬಂದು ನೋಡಿ, ಎಲ್ಲಿ ತೆಗೆಯಬಹುದು ಎಂದು ನೀವೇ ಹೇಳಿ’ ಎಂದರು.

ಅವರ ಕ್ರಮ ಹೀಗಿದೆ. ಬೆಳಿಗ್ಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಸ್ವಲ್ಪ ಟೊಮೆಟೊ ಸೇರಿಸಿ ನುಣ್ಣಗೆ ರುಬ್ಬುತ್ತಾರೆ. ಜೀರಿಗೆ, ಕೊತ್ತಂಬರಿ ಬೀಜ, ಕರಿಮೆಣಸು, ಚಕ್ಕೆ, ಏಲಕ್ಕಿಗಳನ್ನು ಹುರಿದು ಪುಡಿ ಮಾಡಿದ್ದು ಡಬ್ಬದಲ್ಲಿರುತ್ತದೆ, ಅಂಗಡಿಯ ಪುಡಿಯಲ್ಲ, ಮನೆಯದ್ದು. ರುಬ್ಬಿದ್ದು, ಪುಡಿ, ಎಣ್ಣೆ, ನಿಂಬೆರಸ ಇಷ್ಟನ್ನು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕಲಸುವವರೆಗೆ ಅದರಲ್ಲಿ ಒಂದು ಹರಳು ಉಪ್ಪೂ ಇಲ್ಲ. ಉಪ್ಪು ಮತ್ತು ಸ್ಟಾಕ್ ಗಟ್ಟಿ ಸೇರುವುದು ಕೋಳಿಯನ್ನು ಪಾತ್ರೆಗೆ ಹಾಕುವ ಹೊತ್ತಿನಲ್ಲಿ. ಹಾಗಾಗಿ ಉಪ್ಪಿಗೆ ಮೊದಲೇ ಒಂದು ಸೌಟು ಮಸಾಲೆಯನ್ನು ಬೇರೆ ಬಟ್ಟಲಿಗೆ ತೆಗೆದರೆ ನಮ್ಮ ಕೆಲಸ ಆಯಿತು.

ಅವರು ಹಾಕುವ ಉಪ್ಪನ್ನು ಅಲ್ಲೇ ಇದ್ದ ತಕ್ಕಡಿಯಲ್ಲಿ ಇಡಿಸಿ ನೋಡಿದೆ. ಕಿಲೋ ಕೋಳಿಗೆ 15 ಗ್ರಾಂ ಬಂತು. ರುಚಿಯ ದೃಷ್ಟಿಯಿಂದ ಅದು ಅತಿಯಲ್ಲ, ಮನೆಯಲ್ಲಿ ಸುಕ್ಕಕ್ಕೆ ನಾವೂ ಅಷ್ಟೇ ಹಾಕುತ್ತೇವೆ. ಆದರೆ ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಕೋಳಿಯ ನಾಲ್ಕನೆಯ ಒಂದು ಭಾಗವಾದ, ಸುಮಾರು 250 ಗ್ರಾಂ ತೂಗುವ ಒಂದು ಕ್ವಾರ್ಟರಿನ ಪಾಲಿಗೆ 1,450 ಮಿಲಿಗ್ರಾಂ ದಾಟಿತು. ಸ್ವಲ್ಪ ಕೆಂಡಕ್ಕೆ ತೊಟ್ಟಿಕ್ಕಿ ಹೋಯಿತೆಂದುಕೊಂಡರೂ ಮಾವನ ಇಡೀ ದಿನದ ಮಿತಿಯ ಹೆಚ್ಚು ಭಾಗ ಒಂದೇ ತುಂಡಿನಲ್ಲಿ ಮುಗಿಯಿತು. ಸ್ಟಾಕ್ ಗಟ್ಟಿ ಇದರ ಮೇಲೆ. ಅದರ ತೂಕದಲ್ಲಿ ಸುಮಾರು ಅರ್ಧ ಉಪ್ಪೇ. ಕಾಗದದಲ್ಲಿ ಈ ಲೆಕ್ಕ ಬರೆದು ತೋರಿಸಿದಾಗ ಕಾಕ ಬಹಳ ಹೊತ್ತು ನೋಡಿದರು. ಅವರ ತಮ್ಮನಿಗೂ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಈಗ ನಮ್ಮ ತುಂಡು ಹೀಗೆ ತಯಾರಾಗುತ್ತದೆ. ಚರ್ಮ ತೆಗೆದ ಕಾಲಿನ ಭಾಗ. ಎದೆಯ ಮಾಂಸ ಬೇಡ ಎಂದು ಅವರೇ ಹೇಳಿದರು, ಏಕೆಂದರೆ ಮಾಂಸದಲ್ಲಿ ನೀರು ಹಿಡಿದಿಡುವ ಕೆಲಸವನ್ನು ಉಪ್ಪೇ ಮಾಡುವುದು. ಉಪ್ಪಿಲ್ಲದ ಎದೆಯ ತುಂಡು ಕೆಂಡದ ಮೇಲೆ ಹತ್ತಿಯ ಹಾಗೆ ಒಣಗುತ್ತದೆ. ಕಾಲಿನಲ್ಲಿ ಸಹಜ ಕೊಬ್ಬಿರುವುದರಿಂದ ಮೆತ್ತಗಿರುತ್ತದೆ. ಎಲುಬು ಮುಟ್ಟುವಂತೆ ಮೂರು ಕಡೆ ಆಳವಾಗಿ ಸೀಳಿ, ಸೀಳಿನೊಳಗೆ ಬೆರಳಿನಿಂದ ಮಸಾಲೆ ತುಂಬುತ್ತಾರೆ. ನಿಂಬೆರಸ ಸ್ವಲ್ಪ ಜಾಸ್ತಿ, ಕರಿಮೆಣಸು ಸ್ವಲ್ಪ ಜಾಸ್ತಿ. ಎರಡು ಗಂಟೆ ನೆನೆದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ನಿಂಬೆಯಲ್ಲಿದ್ದರೆ ಮೇಲಿನ ಪದರ ಬಿಳಿಚಿಕೊಂಡು ಪುಡಿಪುಡಿಯಾಗುತ್ತದೆ. ಜಾಲರಿಯ ಒಂದು ಮೂಲೆಯಲ್ಲಿ ನಮ್ಮ ತುಂಡು, ಮೂಳೆಗೆ ಒಂದು ತಂತಿ ಸುತ್ತಿ ಗುರುತು.

ಇಲ್ಲೊಂದು ಸೂಕ್ಷ್ಮವಿದೆ. ಸುಡುವಾಗ ಮೇಲಿಂದ ಮೇಲೆ ಎಣ್ಣೆ ಹಚ್ಚುವ ಬ್ರಷ್ ಎಲ್ಲ ಕೋಳಿಗಳಿಗೂ ಒಂದೇ. ಅದು ಉಪ್ಪಿನ ಮಸಾಲೆಯ ಪಾತ್ರೆಯಲ್ಲೇ ಅದ್ದಿರುತ್ತದೆ. ಅದೇ ಬ್ರಷ್ ನಮ್ಮ ತುಂಡಿನ ಮೇಲೆ ಆಡಿದರೆ ಬೆಳಗಿನಿಂದ ಮಾಡಿದ ಜಾಗ್ರತೆಯೆಲ್ಲ ಹೋಯಿತು. ಆದ್ದರಿಂದ ಬೇರೆ ಬಟ್ಟಲಿನಲ್ಲಿ ಎಣ್ಣೆ ಮತ್ತು ನಿಂಬೆರಸ, ಅದಕ್ಕೊಂದು ಬೇರೆ ಬ್ರಷ್. ಒಮ್ಮೆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅಳಿಯ ಇದನ್ನು ಮರೆತಿದ್ದ. ಮಾವ ಮೊದಲ ತುತ್ತಿಗೇ ‘ಇದು ನನ್ನದಲ್ಲ’ ಎಂದು ತಟ್ಟೆ ಸರಿಸಿದರು. ಕೆಲವು ವಾರ ಉಪ್ಪು ಕಡಿಮೆ ಮಾಡಿದವರ ನಾಲಗೆ ಅಷ್ಟು ಚುರುಕಾಗುತ್ತದೆ. ನಮಗೆ ಸಪ್ಪೆ ಎನಿಸುವುದು ಅವರಿಗೆ ಸರಿಯಾಗಿರುತ್ತದೆ.

ರುಚಿ ಹೇಗಿದೆ ಎಂದು ಕೇಳಿದರೆ, ಉಪ್ಪಿನ ಅಲ್‌ಫಾಂನಂತೆಯೇ ಇದೆ ಎಂದು ನಾನು ಹೇಳುವುದಿಲ್ಲ. ಮೊದಲು ಮೂಗಿಗೆ ಬರುವುದು ಹೊಗೆ, ಆಮೇಲೆ ಜೀರಿಗೆ ಮತ್ತು ಏಲಕ್ಕಿ, ಕಡೆಗೆ ಗಂಟಲಲ್ಲಿ ಕರಿಮೆಣಸಿನ ಖಾರ. ಬೆಳ್ಳುಳ್ಳಿ ಸುಟ್ಟಲ್ಲಿ ಸಿಹಿಯಾಗಿರುತ್ತದೆ. ಉಪ್ಪಿನ ಜಾಗವನ್ನು ಹುಳಿ ಮತ್ತು ಹೊಗೆ ಹಂಚಿಕೊಂಡು ತುಂಬುತ್ತವೆ. ನಾನು ಮನೆಯಿಂದ ಅರ್ಧ ಗ್ರಾಂ ಉಪ್ಪನ್ನು ತೂಗಿ ಕಾಗದದ ಪೊಟ್ಟಣದಲ್ಲಿ ಒಯ್ಯುತ್ತೇನೆ. ತಿನ್ನುವ ಹೊತ್ತಿಗೆ ಅದನ್ನು ಮೇಲಿನಿಂದ ಉದುರಿಸಿದರೆ ಹರಳು ನೇರವಾಗಿ ನಾಲಗೆಗೆ ತಾಗುತ್ತದೆ, ಒಳಗೆ ಕಲಸಿದ ಎರಡು ಗ್ರಾಂಗಿಂತ ಹೆಚ್ಚು ರುಚಿ ಕೊಡುತ್ತದೆ. ಲೆಕ್ಕಕ್ಕೆ ಸೇರುವುದು 200 ಮಿಲಿಗ್ರಾಂ ಸೋಡಿಯಂ ಮಾತ್ರ.

ಪ್ರಮಾಣದ ವಿಷಯದಲ್ಲಿ ಮಾತ್ರ ನಾನು ಬಿಗಿ. ಒಂದು ಕ್ವಾರ್ಟರಿನಿಂದ ಮೂಳೆ ಬಿಟ್ಟು ಬರುವ ಬೆಂದ ಮಾಂಸದಲ್ಲಿ 30 ಗ್ರಾಂ ಹತ್ತಿರ ಪ್ರೋಟೀನ್ ಇರುತ್ತದೆ. ಅದನ್ನು ಪೂರ್ತಿ ತಿಂದರೆ ಅನ್ನ, ದೋಸೆ, ಮಜ್ಜಿಗೆಗೆ ಉಳಿಯುವುದು 16 ಗ್ರಾಂ. ಆದ್ದರಿಂದ ಮಾವನಿಗೆ ಅರ್ಧ, ಉಳಿದರ್ಧ ನನಗೆ ಅಥವಾ ಮಗನಿಗೆ. ಆ ದಿನ ಅವರಿಗೆ ಮೊಟ್ಟೆ ಇಲ್ಲ, ಬೇಳೆ ಕಡಿಮೆ. ಮೊದಲೇ ಹೀಗೆ ಹಂಚಿಟ್ಟುಕೊಂಡರೆ ತಟ್ಟೆಯ ಮುಂದೆ ಯಾರೂ ಯಾರನ್ನೂ ತಡೆಯಬೇಕಾಗಿಲ್ಲ.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಪಾರ್ಸೆಲ್ ಕಟ್ಟುವಾಗ ಅಭ್ಯಾಸಬಲದಿಂದ ಮಯೋನೀಸ್, ಉಪ್ಪಿನಲ್ಲಿ ಹಾಕಿದ ಹಸಿಮೆಣಸು, ಕೆಂಪು ಚಟ್ನಿ ಎಲ್ಲವನ್ನೂ ಸೇರಿಸಿಬಿಡುತ್ತಾರೆ. ಕೋಳಿಯಲ್ಲಿ ಉಳಿಸಿದ ಸೋಡಿಯಂ ಈ ಚಿಕ್ಕ ಡಬ್ಬಿಗಳಲ್ಲಿ ವಾಪಸ್ ಬರುತ್ತದೆ. ಪ್ರತಿ ಸಲವೂ ಬೇಡವೆಂದು ಹೇಳಬೇಕು. ಕುಬ್ಬೂಸ್ ಎಂಬ ಅರಬ್ ರೊಟ್ಟಿಯ ಹಿಟ್ಟಿನಲ್ಲೂ ಉಪ್ಪಿದೆ, ಮಾವನಿಗೆ ಮನೆಯ ಬಿಳಿ ಅನ್ನ ಅಥವಾ ಉಪ್ಪು ಹಾಕದ ನೀರುದೋಸೆ ಸಾಕು. ಕೂರುವ ಜಾಗದಲ್ಲಿ ಹೊಗೆ ಜಾಸ್ತಿ, ಉಸಿರಿನ ತೊಂದರೆಯಿರುವ ಹಿರಿಯರನ್ನು ಅಲ್ಲಿ ಕೂರಿಸುವುದು ಕಷ್ಟ. ವಾಹನ ನಿಲ್ಲಿಸಲು ಜಾಗವೇ ಇಲ್ಲ.

ಶುಚಿತ್ವದ ವಿಷಯಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮ ತಿಂದು ಅಸ್ವಸ್ಥಳಾದ ವಿದ್ಯಾರ್ಥಿನಿ ತೀರಿಕೊಂಡಳು. 2023ರ ಜನವರಿಯಲ್ಲಿ ಕೇರಳ ಸರ್ಕಾರ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ಕಿಡ್ನಿ ದುರ್ಬಲವಾದವರಿಗೆ ಸೋಂಕು ತಡೆಯುವ ಶಕ್ತಿಯೂ ಕಡಿಮೆ, ಹೊಟ್ಟೆ ಕೆಟ್ಟು ನಿರ್ಜಲೀಕರಣವಾದರೆ ಉಳಿದಿರುವ ಕಿಡ್ನಿಗೂ ಪೆಟ್ಟು. ಕಾಕ ತೊಡೆಯ ದಪ್ಪ ಭಾಗವನ್ನು ಎಲುಬಿನವರೆಗೆ ಸೀಳಿ, ಒಳಗೆ ಕೆಂಪು ಇಲ್ಲವೆಂದು ತೋರಿಸಿಯೇ ಕೊಡುತ್ತಾರೆ. ಬೆಳಗ್ಗೆ ಕೊಯ್ದದ್ದು ರಾತ್ರಿಗೆ ಉಳಿಯುವುದಿಲ್ಲ.

ಪೇಟೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ, ಮಸಾಲೆ ಹಚ್ಚಿ ಹೆಪ್ಪುಗಟ್ಟಿಸಿದ ಕೋಳಿಯ ಪೊಟ್ಟಣವನ್ನೂ ತಂದು ನೋಡಿದ್ದೇನೆ. ಕಂಪನಿ ಯಾವುದೆಂದು ಹೇಳುವುದಿಲ್ಲ, ಕಪಾಟಿನಲ್ಲಿದ್ದ ಬೇರೆ ಪೊಟ್ಟಣಗಳೂ ಬಹುಮಟ್ಟಿಗೆ ಹಾಗೆಯೇ ಇದ್ದವು. ಮುಂಭಾಗದಲ್ಲಿ ‘ಪ್ರೋಟೀನ್ ಸಮೃದ್ಧ’ ಎಂದು ದೊಡ್ಡಕ್ಷರ. ಹಿಂಭಾಗದಲ್ಲಿ 100 ಗ್ರಾಂಗೆ 600 ಮಿಲಿಗ್ರಾಂ ಮೀರಿದ ಸೋಡಿಯಂ, ಪದಾರ್ಥಗಳ ಸಾಲಿನಲ್ಲಿ ಐಎನ್‌ಎಸ್ 451, ಎಂದರೆ ಆಹಾರಕ್ಕೆ ಸೇರಿಸಿದ ವಸ್ತುವಿನ ಗುರುತುಸಂಖ್ಯೆ. ಅದು ಟ್ರೈಫಾಸ್ಫೇಟ್. ಮಾಂಸ ನೀರು ಕಳೆದುಕೊಳ್ಳದೆ ಉಬ್ಬಿ ನಿಲ್ಲಲು, ತೂಕ ಇಳಿಯದಿರಲು ಹಾಕುತ್ತಾರೆ. ಆರೋಗ್ಯವಂತರಿಗೆ ಅನುಮತಿಯ ಮಿತಿಯಲ್ಲಿ ತೊಂದರೆಯಿಲ್ಲದಿರಬಹುದು. ಕಿಡ್ನಿ ಹೊರಹಾಕಲಾಗದ ರಂಜಕ ರಕ್ತದಲ್ಲಿ ಉಳಿದರೆ ಎಲುಬಿನಿಂದ ಸುಣ್ಣವನ್ನು ಸೆಳೆಯುತ್ತದೆ, ರಕ್ತನಾಳಗಳನ್ನು ಗಟ್ಟಿಯಾಗಿಸುತ್ತದೆ, ಮೈ ತುರಿಕೆ ತರುತ್ತದೆ. ನಮ್ಮ ದೇಶದ ಲೇಬಲ್ಲಿನಲ್ಲಿ ಸೋಡಿಯಂ ಎಷ್ಟೆಂದು ಬರೆಯುವುದು ಕಡ್ಡಾಯ, ರಂಜಕ ಮತ್ತು ಪೊಟ್ಯಾಸಿಯಂ ಎಷ್ಟೆಂದು ಬರೆಯುವುದು ಕಡ್ಡಾಯವಲ್ಲ. ಆದ್ದರಿಂದ ಫಾಸ್ಫೇಟಿನ ಅಂಕೆಗಳನ್ನೇ ಹುಡುಕಬೇಕು: 338ರಿಂದ 341, 450ರಿಂದ 452. ಇವುಗಳಲ್ಲಿ ಒಂದಿದ್ದರೂ ನಾನು ಪೊಟ್ಟಣವನ್ನು ಹಿಂದಕ್ಕಿಡುತ್ತೇನೆ. ಕಣ್ಣೆದುರಲ್ಲೇ ಕೊಯ್ದು ಕೊಡುವ ನಮ್ಮ ಪೇಟೆಯ ಕೋಳಿ ಅಂಗಡಿಯ ದೊಡ್ಡ ಗುಣವೇ ಇದು, ಅಲ್ಲಿ ಮಾಂಸಕ್ಕೆ ಏನನ್ನೂ ಚುಚ್ಚುವುದಿಲ್ಲ. ಚಿಕನ್ ಮಸಾಲೆ ಪುಡಿಗಳ ಪೊಟ್ಟಣವನ್ನೂ ತಿರುಗಿಸಿ ಓದಿ, ಕೆಲವದರಲ್ಲಿ ಉಪ್ಪು ಸೇರಿದೆ, ಕೆಲವದರಲ್ಲಿ ಇಲ್ಲ.

ಉಪ್ಪು ಬಿಟ್ಟವರಿಗೆ ಊರವರು ಕೊಡುವ ಎರಡು ಸಲಹೆಗಳ ಬಗ್ಗೆ ಎಚ್ಚರಿಸದೆ ಇರಲಾರೆ, ಏಕೆಂದರೆ ಎರಡೂ ಪ್ರೀತಿಯಿಂದ ಬರುವ ಅಪಾಯಗಳು. ಒಂದು, ‘ಲೋ ಸೋಡಿಯಂ’ ಎಂದು ಮಾರುವ ಉಪ್ಪು. ಸೋಡಿಯಂ ಕಡಿಮೆ ಮಾಡಲು ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಪೊಟ್ಯಾಸಿಯಂ ಹೊರಹಾಕಲಾಗದವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಸೈಂಧವ ಉಪ್ಪು ಕೂಡ ಬಹುಪಾಲು ಸೋಡಿಯಂ ಕ್ಲೋರೈಡೇ, ಅದರಿಂದ ಏನೂ ಉಳಿತಾಯವಿಲ್ಲ. ಇನ್ನೊಂದು, ಹಿತ್ತಲಿನ ಹುಳಿಗಳು. ಕೋಳಿಗೆ, ಮೀನಿಗೆ ಬಿಂಬುಳಿ ಹಾಕುವುದು ನಮ್ಮಲ್ಲಿ ರೂಢಿ. ಬಿಂಬುಳಿಯಲ್ಲಿ ಕಿಡ್ನಿಯಲ್ಲಿ ಹರಳಾಗಿ ಕೂರುವ ಆಕ್ಸಲೇಟ್ ಬಹಳ. ಅದರ ರಸವನ್ನು ಕೊಲೆಸ್ಟರಾಲ್ ಇಳಿಸಲೆಂದು ಕುಡಿದವರಿಗೆ ಕಿಡ್ನಿ ಕೈಕೊಟ್ಟ ಪ್ರಕರಣಗಳನ್ನು ಕೇರಳದ ವೈದ್ಯರೇ ವರದಿ ಮಾಡಿದ್ದಾರೆ. ಅದೇ ಜಾತಿಯ ಧಾರೆಹುಳಿ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು, ಕಿಡ್ನಿ ಸೋತವರಿಗೆ ಇನ್ನೂ ಕೆಟ್ಟದ್ದು. ಅದರಲ್ಲಿರುವ ವಿಷಾಂಶ ಮಿದುಳಿಗೆ ತಾಗಿ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ಬರುತ್ತವೆ. ಇವೆರಡನ್ನೂ ನಾನು ಅಡುಗೆಮನೆಯ ಒಳಗೇ ಬಿಡುವುದಿಲ್ಲ. ಹುಳಿಗೆ ನಿಂಬೆ ಸಾಕು, ಬೇಕಾದರೆ ಸ್ವಲ್ಪ ವಿನೆಗರ್.

ಮನೆಯಲ್ಲಿ ಸುಕ್ಕ ಮಾಡುವಾಗಲೂ ಈಗ ಕಾಕನ ಕ್ರಮವೇ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಬೆಳ್ಳುಳ್ಳಿ ಹುರಿದು ರುಬ್ಬಿ, ಕೋಳಿ ಬೆಂದ ಮೇಲೆ ಮಾವನ ಪಾಲನ್ನು ಮೊದಲು ಚಿಕ್ಕ ಬಾಣಲೆಗೆ ತೆಗೆದು, ಉಳಿದದ್ದಕ್ಕೆ ಉಪ್ಪು. ಹುಣಸೆಹುಳಿಯೂ ಉಳಿದದ್ದಕ್ಕೆ ಮಾತ್ರ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹುರಿದ ತೆಂಗಿನತುರಿ ಮಾವನ ಬಾಣಲೆಗೆ ಒಂದೇ ಚಮಚ. ಕೋರಿ ರೊಟ್ಟಿಯ ತೆಳು ಗಸಿ ಮಾತ್ರ ಅವರಿಗೆ ಕೊಡುವುದಿಲ್ಲ. ತೆಂಗಿನಹಾಲು, ಉಪ್ಪು ಎರಡೂ ಅದರಲ್ಲಿ ಕರಗಿಹೋಗಿರುತ್ತವೆ, ರೊಟ್ಟಿ ಅದನ್ನೆಲ್ಲ ಹೀರಿಕೊಳ್ಳುತ್ತದೆ.

ಕುಂಬಳೆಯ ಅಂಗಡಿಯಲ್ಲಿ ನಮ್ಮ ಕ್ವಾರ್ಟರಿಗೂ ಎಲ್ಲರದ್ದೇ ದರ, 130 ರೂಪಾಯಿ. ಹೆಚ್ಚು ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಊರಿನಲ್ಲಿ ಕೇಳುವುದಾದರೆ ‘ಉಪ್ಪು ಕಡಿಮೆ’ ಎಂದು ಕೇಳಬೇಡಿ. ‘ಮಸಾಲೆಗೆ ಉಪ್ಪು ಯಾವಾಗ ಸೇರಿಸುತ್ತೀರಿ, ಅದಕ್ಕೆ ಮೊದಲು ಒಂದು ತುಂಡಿಗೆ ಹಚ್ಚಿಟ್ಟು ಕೊಡಬಹುದೇ, ಸ್ಟಾಕ್ ಗಟ್ಟಿ ಅದಕ್ಕೆ ಬೇಡ, ಬ್ರಷ್ ಬೇರೆ ಇರಲಿ’ ಎಂದು ಬಿಡಿಸಿ ಹೇಳಿ. ಬೆಳಿಗ್ಗೆ ಹನ್ನೊಂದರೊಳಗೆ ಹೇಳಿದರೆ ಸಂಜೆಗೆ ಸಿಗುತ್ತದೆ. ಶುಕ್ರವಾರ ಮತ್ತು ಭಾನುವಾರ ಕೇಳಬೇಡಿ, ಆ ದಿನಗಳಲ್ಲಿ ಒಲೆಯ ಮುಂದೆ ಯಾರಿಗೂ ಪುರುಸೊತ್ತಿರುವುದಿಲ್ಲ.